ದುರಸ್ತಿಯ ರಸ್ತೆಯಲ್ಲಿ ವೇಗಮಿತಿ, ದಂಡ ಮತ್ತು ಆಕ್ಷೇಪಣೆಯ ಹಕ್ಕು: ಒಂದು ಚಾರಿತ್ರಿಕ ವಿವೇಚನೆ

ಮೋಟಾರು ವಾಹನಗಳ ಚರಿತ್ರೆಯೆಂದರೆ ಯಂತ್ರಗಳ ಬೆಳವಣಿಗೆಯ ಮತ್ತು ರಸ್ತೆಗಳ ವಿಸ್ತಾರದ ಚರಿತ್ರೆ ಮಾತ್ರವಲ್ಲ. ಸರ್ಕಾರಕ್ಕೂ ದಾರಿ ನಡೆಯುವ ಪ್ರಜೆಗೂ ನಡುವಣ ಸಂಬಂಧದ ಚರಿತ್ರೆಯೂ ಅದರಲ್ಲಿ ಅಡಗಿದೆ. ಚಾಲಕನಿಗೆ ದಂಡ ವಿಧಿಸುವ ಅಧಿಕಾರ ಬೆಳೆದಂತೆ, ಆ ದಂಡ ತನಗೆ ಸಲ್ಲದೆಂದು ನ್ಯಾಯಸ್ಥಾನದಲ್ಲಿ ವಾದಿಸುವ ಹಕ್ಕೂ ಬೆಳೆಯಿತು. ಇವೆರಡರ ಘರ್ಷಣೆ ಅತ್ಯಂತ ತೀಕ್ಷ್ಣವಾಗಿ ತೋರಿಬರುವುದು ದುರಸ್ತಿಯಲ್ಲಿರುವ ರಸ್ತೆಯಲ್ಲಿ. ನಿನ್ನೆಯ ವೇಗಮಿತಿ ಅಲ್ಲಿ ಇಂದು ಇಲ್ಲ. ಇಂದಿನದು ನಾಳೆ ಇರಲಾರದು. ಇಂತಹ ಕಡೆ ವೇಗವನ್ನು ರುಜುವಾತುಪಡಿಸುವ ಬಗೆ ಯಾವುದು, ಮಿತಿಯನ್ನು ಚಾಲಕನಿಗೆ ತಿಳಿಯಪಡಿಸುವ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ನಾವು ಯತ್ನಿಸಿದ್ದೇವೆ.

ಮೊದಲನೆಯ ಪ್ರಶ್ನೆಯ ಮೂಲ ಇಂಗ್ಲೆಂಡಿನಲ್ಲಿದೆ. 1865ರ ಶಾಸನವು ಸ್ವಯಂಚಾಲಿತ ವಾಹನಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ವೇಗವನ್ನು ಗೊತ್ತುಪಡಿಸಿ, ಕೆಂಪು ಬಾವುಟ ಹಿಡಿದ ಆಳೊಬ್ಬನು ಮುಂದೆ ನಡೆಯಬೇಕೆಂದು ವಿಧಿಸಿತ್ತು. 1903ರ ಮೋಟಾರು ಕಾರು ಶಾಸನವು ಮಿತಿಯನ್ನು 20 ಮೈಲಿಗೆ ಏರಿಸಿತು. ಅದರೊಡನೆ ಒಂದು ರಕ್ಷಣೆಯನ್ನೂ ನೀಡಿತು: ವೇಗದ ವಿಷಯದಲ್ಲಿ ಒಬ್ಬನೇ ಸಾಕ್ಷಿಯ ಅಭಿಪ್ರಾಯವನ್ನು ಮಾತ್ರ ನಂಬಿ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಕೂಡದು. ಪೊಲೀಸರು ಅಳೆದ ದೂರದ ಎರಡು ತುದಿಗಳಲ್ಲಿ ಬೇಲಿಯ ಮರೆಯಲ್ಲಿ ಕುಳಿತು ಗಡಿಯಾರ ಹಿಡಿದು ವೇಗವನ್ನು ಎಣಿಸತೊಡಗಿದರು. ಈ ಬಲೆಗಳ ಸುಳಿವನ್ನು ಸದಸ್ಯರಿಗೆ ಕೊಡುವ ಸಲುವಾಗಿಯೇ 1905ರಲ್ಲಿ ‘ಆಟೊಮೊಬೈಲ್ ಅಸೋಸಿಯೇಷನ್’ ಎಂಬ ಸಂಘ ಹುಟ್ಟಿತು. ಅದಾಗಲೇ ಮಿತಿಮೀರಿ ಬರುತ್ತಿದ್ದವರಿಗೆ ಹೀಗೆ ಸುಳಿವು ಕೊಡುವುದು ಪೊಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ‘ಬೆಟ್ಸ್ ವಿರುದ್ಧ ಸ್ಟೀವನ್ಸ್’ ಎಂಬ ಮೊಕದ್ದಮೆಯಲ್ಲಿ ತೀರ್ಪಾಯಿತು. ಆಮೇಲೆ ಸಂಘದ ಕಾವಲುಗಾರರು ಬಾಯಿಬಿಡುವುದನ್ನು ತೊರೆದರು. ವಂದನೆ ಸಲ್ಲಿಸದಿರುವುದೇ ಎಚ್ಚರಿಕೆಯಾಯಿತು.

ಇಂಗ್ಲೆಂಡಿನ ಈ ‘ಒಬ್ಬ ಸಾಕ್ಷಿ’ಯ ನಿಯಮವೇ ನಮ್ಮ ದೇಶದ 1939ರ ಮೋಟಾರು ವಾಹನ ಶಾಸನದಲ್ಲಿಯೂ 1988ರ ಶಾಸನದ 183ನೆಯ ಕಲಮಿನಲ್ಲಿಯೂ ಕಾಣಬರುತ್ತದೆ. ಆದರೆ ಇಲ್ಲಿ ಅದಕ್ಕೊಂದು ವಿನಾಯಿತಿ ಸೇರಿದೆ: ಸಾಕ್ಷಿಯ ಅಭಿಪ್ರಾಯಕ್ಕೆ ಯಾವುದಾದರೊಂದು ಯಂತ್ರೋಪಕರಣದ ಅಳತೆ ಆಧಾರವಾಗಿದ್ದರೆ ಒಬ್ಬ ಸಾಕ್ಷಿಯೇ ಸಾಕು. 2019ರ ತಿದ್ದುಪಡಿಯು ಇದಕ್ಕೆ ವಿದ್ಯುನ್ಮಾನ ಉಪಕರಣವನ್ನೂ ಸೇರಿಸಿತು. ಎಂದರೆ, ಹಿಂದೆ ಸಾಕ್ಷಿಗಳ ಸಂಖ್ಯೆಯಲ್ಲಿದ್ದ ಪ್ರಜೆಯ ರಕ್ಷಣೆ ಈಗ ಯಂತ್ರದ ನಿಷ್ಕೃಷ್ಟತೆಗೆ ವರ್ಗವಾಗಿದೆ. ಯಂತ್ರವನ್ನು ಪರೀಕ್ಷಿಸಿದವರು ಯಾರು, ಯಾವಾಗ ಎಂದು ಕೇಳುವುದು ಕುಚೋದ್ಯವಲ್ಲ. ಎರಡನೆಯ ಸಾಕ್ಷಿಯನ್ನು ಕರೆಸಿರೆಂದು ಹಿಂದಿನವರು ಕೇಳುತ್ತಿದ್ದುದಕ್ಕೆ ಅದು ಸಮಾನ.

ಇನ್ನು ಎರಡನೆಯ ಪ್ರಶ್ನೆ. 1988ರ ಶಾಸನದ 112ನೆಯ ಕಲಮಿನ ಪ್ರಕಾರ, ಸಾರ್ವಜನಿಕರ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಗಳ ಸ್ಥಿತಿಯ ಕಾರಣದಿಂದ ಒಂದೆಡೆ ವೇಗವನ್ನು ತಗ್ಗಿಸಬೇಕಾದರೆ ಎರಡು ಕಾರ್ಯಗಳು ನಡೆಯಬೇಕು: ರಾಜ್ಯಪತ್ರದಲ್ಲಿ ಪ್ರಕಟಣೆ, ಸ್ಥಳದಲ್ಲಿ ಫಲಕ. ಆದರೆ ನಿರ್ಬಂಧವು ಒಂದು ತಿಂಗಳಿಗೆ ಮೀರದಿದ್ದಲ್ಲಿ ರಾಜ್ಯಪತ್ರದ ಪ್ರಕಟಣೆ ಅಗತ್ಯವಿಲ್ಲವೆಂದು ಅದೇ ಕಲಮು ಹೇಳುತ್ತದೆ. ರಸ್ತೆ ದುರಸ್ತಿಯ ಬಹುಪಾಲು ಸಣ್ಣ ಕೆಲಸಗಳು ಈ ವಿನಾಯಿತಿಯೊಳಗೆ ಬರಬಲ್ಲವು. ಅಂತಹ ಸ್ಥಳದಲ್ಲಿ ಶಾಸನದ ಏಕಮಾತ್ರ ಘೋಷಣೆ ಆ ಫಲಕ. ಫಲಕ ಬಿದ್ದಿದ್ದರೆ, ಜಲ್ಲಿಯ ರಾಶಿ ಅದನ್ನು ಮರೆಮಾಡಿದ್ದರೆ, ಕೆಲಸ ಮುಗಿದ ಮೇಲೂ ಅದು ಅಲ್ಲೇ ಉಳಿದಿದ್ದರೆ, ದಂಡಕ್ಕೆ ಗುರಿಯಾದವನ ಆಕ್ಷೇಪಣೆ ಶಾಸನದ ಮರ್ಮಕ್ಕೇ ತಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿರುವ ತೊಡಕು ಕೂಡಲೇ ಗೋಚರಿಸುತ್ತದೆ. ರಾಜ್ಯಪತ್ರವು ದಾಖಲೆಯಾಗಿ ಉಳಿಯುತ್ತದೆ. ತಾತ್ಕಾಲಿಕ ಫಲಕವು ಉಳಿಯುವುದಿಲ್ಲ. ಮೊಕದ್ದಮೆ ವಿಚಾರಣೆಗೆ ಬರುವ ವೇಳೆಗೆ ಡಾಂಬರು ಆರಿರುತ್ತದೆ, ಫಲಕ ಬೇರೆ ಊರಿಗೆ ಹೋಗಿರುತ್ತದೆ. ಆ ದಿನ ಆ ಹೊತ್ತಿನಲ್ಲಿ ಅದು ನಿಂತಿತ್ತೆಂಬುದಕ್ಕೆ ಆಧಾರವೇನು? ಶಾಸನ ಹೋಗಿ ಶಾಸನೋಲ್ಲಂಘನೆಯ ಆರೋಪ ಮಾತ್ರ ಉಳಿಯುವ ವಿಚಿತ್ರ ಪರಿಸ್ಥಿತಿಯಿದು.

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನವು ಇದೇ ತೊಡಕನ್ನು ಎದುರಿಸಿದ ರೀತಿ ಪರಿಶೀಲನಾರ್ಹವಾಗಿದೆ. ಕಾಮಗಾರಿಯ ಸ್ಥಳಗಳಲ್ಲಿ ಕ್ಯಾಮೆರಾದಿಂದ ವೇಗವನ್ನು ಗುರುತಿಸಲು ಅಲ್ಲಿ 2018ರಲ್ಲಿ ಶಾಸನವಾಗಿ, 2020ರಲ್ಲಿ ಜಾರಿಗೆ ಬಂತು. ಕೆಲಸಗಾರರು ಹಾಜರಿರುವಾಗ ಮಾತ್ರ ಕ್ಯಾಮೆರಾ ನಡೆಯಬೇಕು. ಮುಂಚಿತವಾಗಿ ಎಚ್ಚರಿಕೆಯ ಫಲಕಗಳಿರಬೇಕು. ಮಿತಿಗಿಂತ ಗಂಟೆಗೆ 11 ಮೈಲಿಯಾದರೂ ಹೆಚ್ಚಿದ್ದರೆ ಮಾತ್ರ ಕ್ರಮ. ಮೊದಲ ತಪ್ಪಿಗೆ ಲಿಖಿತ ಎಚ್ಚರಿಕೆ, ಎರಡನೆಯದಕ್ಕೆ 75 ಡಾಲರು, ಮೂರನೆಯದಕ್ಕೆ 150 ಡಾಲರು. ವಾಹನ ಕಳವಾಗಿತ್ತು, ಆಗ ತಾನು ಅದರ ಒಡೆಯನಾಗಿರಲಿಲ್ಲ, ಉಪಕರಣದ ಪರೀಕ್ಷೆ ಕ್ರಮಬದ್ಧವಾಗಿರಲಿಲ್ಲ ಎಂಬ ಆಕ್ಷೇಪಣೆಗಳಿಗೆ ಶಾಸನವೇ ಅವಕಾಶವಿತ್ತಿತು. ಅಧಿಕಾರದ ಜೊತೆಗೆ ಅದರ ಷರತ್ತುಗಳನ್ನೂ ಇಲ್ಲಿ ಬರೆದಿಟ್ಟಿರುವುದು ಗಮನಾರ್ಹ.

ನಮ್ಮಲ್ಲಿಯೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳು ಬಿದ್ದಿವೆ. ಕಾಮಗಾರಿಯ ಎಡೆಯಲ್ಲಿ ಮುನ್ನೆಚ್ಚರಿಕೆಯ ವಲಯದಿಂದ ಮೊದಲುಗೊಂಡು ಯಾವ ಫಲಕ ಎಲ್ಲಿರಬೇಕೆಂಬುದನ್ನು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2014ರ ಮಾರ್ಗದರ್ಶಿ ವಿವರಿಸಿದೆ. 2019ರಲ್ಲಿ ಸೇರಿದ 198ಎ ಕಲಮಿನಂತೆ, ನಿಗದಿಯಾದ ಸುರಕ್ಷತಾ ಮಾನಗಳನ್ನು ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ರಸ್ತೆಯ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2021ರ ನಿಯಮವು ಕ್ಯಾಮೆರಾ ಇರುವ ರಸ್ತೆಗಳಲ್ಲಿ ಎಚ್ಚರಿಕೆಯ ಫಲಕವಿರಬೇಕೆಂದೂ 15 ದಿನಗಳೊಳಗೆ ನೋಟೀಸು ಕಳುಹಿಸಬೇಕೆಂದೂ ಪ್ರಕರಣ ಇತ್ಯರ್ಥವಾಗುವವರೆಗೆ ದಾಖಲೆಯನ್ನು ಕಾಪಾಡಬೇಕೆಂದೂ ವಿಧಿಸಿತು.

ಆಕ್ಷೇಪಣೆಯ ಹಕ್ಕನ್ನು ಎತ್ತಿಹಿಡಿಯುವುದೆಂದರೆ ಅತಿವೇಗವನ್ನು ಎತ್ತಿಹಿಡಿದಂತಲ್ಲವೆ ಎಂದು ಕೆಲವರು ಶಂಕಿಸಬಹುದು. ಜಲ್ಲಿ ಹರಡುವ, ಡಾಂಬರು ಹೊಯ್ಯುವ ಕೂಲಿಕಾರನಿಗೂ ಧಾವಿಸಿ ಬರುವ ಲಾರಿಗೂ ನಡುವೆ ಅನೇಕ ವೇಳೆ ಒಂದು ಹಗ್ಗ, ಒಂದು ಖಾಲಿ ಪೀಪಾಯಿ ಮಾತ್ರ ಇರುತ್ತದೆಂಬುದನ್ನು ನಾವು ಮರೆತಿಲ್ಲ. ಆದರೆ ಆತನ ಪ್ರಾಣವನ್ನು ಕಾಯುವುದು ತಿಂಗಳಾನಂತರ ಮನೆಗೆ ಬರುವ ದಂಡದ ಚೀಟಿಯಲ್ಲ, ಸಮಯಕ್ಕೆ ಸರಿಯಾಗಿ ನಿಂತ ಫಲಕ. ಫಲಕವೆಲ್ಲಿತ್ತೆಂದು ಕೇಳುವ ಪ್ರಜೆಯು ಅರಿತೋ ಅರಿಯದೆಯೋ ಆ ಕೂಲಿಕಾರನ ಪಕ್ಷವನ್ನೂ ವಹಿಸುತ್ತಾನೆ. ಆದುದರಿಂದ ತಾತ್ಕಾಲಿಕ ಫಲಕವನ್ನು ನೆಟ್ಟ ಮತ್ತು ಕಿತ್ತ ದಿನ, ಹೊತ್ತು, ಸ್ಥಳಗಳನ್ನು ನಮೂದಿಸುವ ಒಂದು ಪುಸ್ತಕವನ್ನು ಪ್ರತಿ ಕಾಮಗಾರಿಯಲ್ಲಿಯೂ ಇಟ್ಟು, ಅದನ್ನು ನ್ಯಾಯಸ್ಥಾನಕ್ಕೆ ಒದಗಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ದಾಖಲೆಯಿಲ್ಲದ ಶಾಸನವು ಚರಿತ್ರಕಾರನಿಗೆ ಹೇಗೋ ನ್ಯಾಯಾಧೀಶನಿಗೂ ಹಾಗೆಯೇ ನಿರುಪಯುಕ್ತ.