ಮ್ಯಾಕ್ರೊ ಮತ್ತು ಇನ್‌ಲೈನ್: ಸಿ ಹೆಡರ್ ಕಡತದ ಹಳೆಯ ವ್ಯಾಜ್ಯ

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸುತ್ತಿದ್ದಾಗ, ಅಲನ್ ಸ್ನೈಡರ್ ಅವರ ಒತ್ತಾಯವೂ ಸೇರಿ ಅದಕ್ಕೊಂದು ಪ್ರೀಪ್ರೊಸೆಸರ್, ಅಂದರೆ ಕಂಪೈಲರ್ ಓದುವ ಮುನ್ನ ಪ್ರೋಗ್ರಾಮಿನ ಪಠ್ಯವನ್ನು ಸಿದ್ಧಗೊಳಿಸುವ ಹಂತ, ಕೂಡಿಕೊಂಡಿತು. ಮೊದಲಿಗೆ ಅದು ಬೇರೆ ಕಡತವನ್ನು ಒಳಗೆ ತರುವುದು, ಮ್ಯಾಕ್ರೊ, ಅಂದರೆ ಒಂದು ಹೆಸರಿನ ಜಾಗದಲ್ಲಿ ಇನ್ನೊಂದು ಪಠ್ಯವನ್ನಿಡುವುದು, ಇಷ್ಟನ್ನೇ ಮಾಡುತ್ತಿತ್ತು. ಆರ್ಗ್ಯುಮೆಂಟ್ ಪಡೆಯುವ ಮ್ಯಾಕ್ರೊಗಳು ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅವರ ಕೈಯಿಂದ ಬಂದವು. ಅಂದಿನ ಪಿಡಿಪಿ-11 ಯಂತ್ರದಲ್ಲಿ ಫಂಕ್ಷನ್ ಕರೆಯುವುದೇ ದುಬಾರಿಯಾಗಿದ್ದುದರಿಂದ, ಒಂದು ಅಕ್ಷರ ಓದುವ ಗೆಟ್‌ಸಿಯಂಥ ಸಣ್ಣ ಕೆಲಸಗಳು ಹೆಡರ್ ಕಡತದಲ್ಲಿ, ಅಂದರೆ ಹಲವು ಕಡತಗಳು ಹಂಚಿಕೊಳ್ಳುವ ಘೋಷಣೆಗಳ ಕಡತದಲ್ಲಿ, ಮ್ಯಾಕ್ರೊಗಳಾಗಿ ನೆಲೆಗೊಂಡವು.

ಆದರೆ ಮ್ಯಾಕ್ರೊ ಸಾಗಿಸುವುದು ಬೆಲೆಯನ್ನಲ್ಲ, ಬರೆದ ಪಠ್ಯವನ್ನು. ‘ವರ್ಗ(ಅ)’ ಎಂದರೆ ‘ಅ * ಅ’ ಎಂದು ಬರೆದಿಟ್ಟು 2 + 3 ಕೊಟ್ಟರೆ ಅದು 2 + 3 * 2 + 3 ಆಗಿ, 25ರ ಬದಲು 11 ಬರುತ್ತದೆ. ಆವರಣ ಹಾಕಿದರೆ ಇದು ಸರಿಹೋದೀತು. ಆರ್ಗ್ಯುಮೆಂಟಿನಲ್ಲಿ ಚರದ ಬೆಲೆ ಏರಿಸುವ ಕ್ರಿಯೆ ಇದ್ದರೆ ಅದು ಎರಡು ಸಲ ನಮೂದಾಗುವುದನ್ನು ಯಾವ ಆವರಣವೂ ತಡೆಯಲಾರದು. 1989ರ ಮಾನಕವು ಗ್ರಂಥಾಲಯದ ಮ್ಯಾಕ್ರೊಗಳು ಪ್ರತಿ ಆರ್ಗ್ಯುಮೆಂಟನ್ನು ಒಮ್ಮೆಯೇ ಲೆಕ್ಕಹಾಕಬೇಕೆಂದು ವಿಧಿಸಿಯೂ ಗೆಟ್‌ಸಿ, ಪುಟ್‌ಸಿಗಳಿಗೆ ವಿನಾಯಿತಿ ಕೊಟ್ಟಿತು. ಹಳೆಯ ರೂಢಿಯ ಬಲ ಅಷ್ಟಿತ್ತು.

ಆರ್ಗ್ಯುಮೆಂಟಿನ ವಿಧವನ್ನು ಪರಿಶೀಲಿಸಿ, ಅದನ್ನು ಒಮ್ಮೆಯೇ ಲೆಕ್ಕಹಾಕಿ, ಕರೆದಲ್ಲಿಯೇ ಒಡಲನ್ನು ಸೇರಿಸಬಲ್ಲ ಇನ್‌ಲೈನ್ ಫಂಕ್ಷನ್ ಸಿ++ನಲ್ಲಿ ಮೊದಲೇ ಇದ್ದರೂ ಸಿ ಮಾನಕಕ್ಕೆ ಬಂದದ್ದು 1999ರಲ್ಲಿ. ಅದಕ್ಕೊಂದು ವರ್ಷ ಮುಂಚೆ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾಗಿತ್ತು. ಇಂದು ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜುಗಳೂ ಸೇರಿರುವ ಆ ವಿಶ್ವವಿದ್ಯಾಲಯದಲ್ಲಿ ಸಿ ಬಹುಕಾಲ ಎಲ್ಲ ಶಾಖೆಗಳವರ ಮೊದಲ ವರ್ಷದ ಪಾಠವಾಗಿತ್ತು. ನಮ್ಮ ನಾಡಿನ ಪ್ರಯೋಗಾಲಯಗಳಲ್ಲಿ ದೀರ್ಘಕಾಲ ಉಳಿದ ಟರ್ಬೊ ಸಿ 1999ಕ್ಕೆ ಹಿಂದಿನದಾದ್ದರಿಂದ ಸಿ ಕಡತದಲ್ಲಿ ಇನ್‌ಲೈನ್ ಎಂಬುದನ್ನೇ ಅರಿಯದು. ಅದರೆದುರು ಕುಳಿತವರಿಗೆ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆಯ್ಕೆ ಇದ್ದವರಿಗೂ ದಾರಿ ಸಲೀಸಾಗಿರಲಿಲ್ಲ. ಒಂದೇ ಹೆಡರ್ ಹತ್ತು ಕಡತಗಳಲ್ಲಿ ಸೇರಿದಾಗ ಫಂಕ್ಷನ್ನಿನ ಸ್ವತಂತ್ರ ಪ್ರತಿ ಎಲ್ಲಿರಬೇಕೆಂಬ ವಿಷಯದಲ್ಲಿ ಜಿಸಿಸಿ ಕಂಪೈಲರಿನ ಹಳೆಯ ನಿಯಮ ಮತ್ತು 1999ರ ನಿಯಮ ಒಂದಕ್ಕೊಂದು ತದ್ವಿರುದ್ಧವಾಗಿದ್ದವು. 2015ರಲ್ಲಿ ಜಿಸಿಸಿಯ 5ನೆಯ ಆವೃತ್ತಿ ತಾನಾಗಿ ಮಾನಕದ ನಿಯಮಕ್ಕೆ ಹೊರಳಿದಾಗ ಹಳೆಯ ಪ್ರೋಗ್ರಾಮುಗಳು ಕೆಲವೆಡೆ ಕೈಕೊಟ್ಟವು. ಎರಡೂ ನಿಯಮಗಳಲ್ಲಿ ಒಂದೇ ರೀತಿ ನಡೆಯುವ ‘ಸ್ಟ್ಯಾಟಿಕ್ ಇನ್‌ಲೈನ್’ ಬಳಸಿದ್ದವರು ಪಾರಾದರು. ಫಂಕ್ಷನ್ನಿನಂತಿರುವ ಮ್ಯಾಕ್ರೊಗಳಿಗಿಂತ ಇನ್‌ಲೈನ್ ಮೇಲೆಂದು ಲಿನಕ್ಸ್ ಕರ್ನಲ್ಲಿನ ಶೈಲಿ ನಿಯಮವೇ ಹೇಳುತ್ತದಾದರೂ, ಆ ಕರ್ನಲ್ಲಿನ ‘ಕಂಟೇನರ್-ಆಫ್’ ಇಂದಿಗೂ ಮ್ಯಾಕ್ರೊ. ಏಕೆಂದರೆ ಅದು ಪಡೆಯುವ ಆರ್ಗ್ಯುಮೆಂಟುಗಳಲ್ಲಿ ಒಂದು ದತ್ತಾಂಶದ ವಿಧದ ಹೆಸರೇ ಆಗಿದ್ದು, ಸಿ ಫಂಕ್ಷನ್ನಿಗೆ ಅದನ್ನು ಕೊಡುವಂತಿಲ್ಲ.