ಒಂದು ಕೈಪಿಡಿ, ಇಬ್ಬರು ಓದುಗರು: ಸಕ್ಕರೆ ಕಾಯಿಲೆಯ ಶಿಕ್ಷಣದ ಚರಿತ್ರೆ

ನಾನು ಅಕ್ಕಲಕೋಟ ತಾಲೂಕಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ವೈದ್ಯಕೀಯ ಚರಿತ್ರೆ ನನ್ನ ವಿಷಯ ಅಲ್ಲ. ಅಜ್ಜಿಯ ಕಾಲಿನ ಗಾಯ ನನ್ನನ್ನು ಇಲ್ಲಿಗೆ ತಂದಿತು.

ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ 1918ರಲ್ಲಿ ಮಧುಮೇಹದ ಕೈಪಿಡಿಯೊಂದನ್ನು ಪ್ರಕಟಿಸಿದರು. ವೈದ್ಯ, ರೋಗಿ ಇಬ್ಬರೂ ಬಳಸಲೆಂದು ಬರೆದದ್ದು ಅಂತ ಅದರ ಹೆಸರೇ ಹೇಳುತ್ತದೆ. ಆಗ ಪಥ್ಯವೇ ಮುಖ್ಯ ಚಿಕಿತ್ಸೆ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟರು. ಸಾಯುತ್ತಿದ್ದವರು ಬದುಕತೊಡಗಿದರು. ಬದುಕಿದವರು ಸೂಜಿ ಚುಚ್ಚಿಕೊಳ್ಳುವುದು, ಊಟ ಅಳೆಯುವುದು, ಕಾಲು ನೋಡಿಕೊಳ್ಳುವುದು ಕಲಿಯಲೇಬೇಕಾಯಿತು. ಕಲಿಸಲಿಕ್ಕೆ ಜಾಸ್ಲಿನ್ ನರ್ಸುಗಳನ್ನು ತಯಾರು ಮಾಡಿದರು. ಸಕ್ಕರೆ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುತ್ತದೆ ಎಂದು ಟೈಪ್ 1 ಮಧುಮೇಹದ 1,441 ರೋಗಿಗಳ ಅಧ್ಯಯನ 1993ರಲ್ಲಿ ತೋರಿಸಿತು. ಅಲ್ಲಿ ಬಿಗಿ ಹತೋಟಿಯ ಗುಂಪಿನವರು ತಿಂಗಳಿಗೊಮ್ಮೆ ಬಂದು ವೈದ್ಯತಂಡದ ಜೊತೆ ಮಾತಾಡುತ್ತಿದ್ದರು.

ಈಗ ನಮ್ಮೂರಿಗೆ ಬರೋಣ. ಅಜ್ಜಿಗೆ ಓದಲು ಬರುವುದು ಕನ್ನಡ. ದವಾಖಾನಿಯವರು ಕೊಟ್ಟ ಚೀಟಿ ಮರಾಠಿಯದು. "ಸಕ್ಕರಿ ಇಳದೈತಿ, ಇನ್ನ ಗುಳಿಗಿ ಯಾಕ?" ಅಂತ ಬಿಟ್ಟುಬಿಟ್ಟಳು. ಹೆಬ್ಬೆರಳಿನ ಗುಳ್ಳೆ ನೋಯಲಿಲ್ಲ, ಅದಕ್ಕೆ ಯಾರಿಗೂ ಹೇಳಲಿಲ್ಲ. ನೋವಿಲ್ಲದ ಗಾಯವೇ ಹೆಚ್ಚು ಅಪಾಯ ಅಂತ ಅವಳ ಮಾತಿನಲ್ಲಿ ಯಾರೂ ತಿಳಿಸಿರಲಿಲ್ಲ. ಬೆರಳು ತೆಗೆಯಬೇಕಾಯಿತು. ಮೊದಲೇ ಯಾಕೆ ಹೇಳಲಿಲ್ಲ ಅಂತ ಡಾಕ್ಟರು ಬೈದರು. ಚಪ್ಪಲಿ ಬಿಡಿಸಿ ಅವರೂ ನೋಡಿರಲಿಲ್ಲ.

ಜಾಸ್ಲಿನ್ ಕೈಪಿಡಿಯ ಪಾಠ ಇದೇ: ಕಲಿಯಬೇಕಾದವರು ಇಬ್ಬರು. ಗಡಿಯಲ್ಲಿ ಅದಕ್ಕೆ ಇಬ್ಬರಿಗೂ ತಿಳಿಯುವ ಭಾಷೆ ಬೇಕು. ಆ ಚೀಟಿಯನ್ನು ನಾನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಡಾಕ್ಟರೂ ಎರಡು ಮಾತು ಕಲಿತಿದ್ದಾರೆ: "ಕಾಲು ತೋರಸ್ರಿ."