ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ (1971)

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ನಗರದಲ್ಲಿರುವ ಮಾರ್ಷಲ್ ವಿಶ್ವವಿದ್ಯಾಲಯವನ್ನು 1971ರ ಕಾಲೇಜು ಫುಟ್‌ಬಾಲ್ ಋತುವಿನಲ್ಲಿ ಪ್ರತಿನಿಧಿಸಿದ ತಂಡ. ಆಡಿದ 10 ಪಂದ್ಯಗಳಲ್ಲಿ 2 ಗೆದ್ದು, 8 ಸೋತಿತು. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ಕಾಲ್ಚೆಂಡಾಟವಲ್ಲ.

ಹಿನ್ನೆಲೆ: 1970ರ ನವೆಂಬರ್ 14ರಂದು ಈಸ್ಟ್ ಕ್ಯಾರೊಲಿನಾ ವಿರುದ್ಧದ ಪಂದ್ಯ ಮುಗಿಸಿ ಮರಳುತ್ತಿದ್ದ ತಂಡದ ವಿಮಾನ ಹಂಟಿಂಗ್ಟನ್ ಬಳಿ ಅಪಘಾತಕ್ಕೀಡಾಯಿತು. ಆಟಗಾರರು, ತರಬೇತುದಾರರು, ಅಭಿಮಾನಿಗಳು, ವಿಮಾನ ಸಿಬ್ಬಂದಿ ಸೇರಿ 75 ಮಂದಿ ಮೃತಪಟ್ಟರು.

ಮರುರಚನೆ: ಹೊಸ ಮುಖ್ಯ ತರಬೇತುದಾರ ಜ್ಯಾಕ್ ಲೆಂಗಲ್ ತಂಡವನ್ನು ಬುಡದಿಂದ ಕಟ್ಟಿದರು. ಪ್ರಥಮ ವರ್ಷದ ವಿದ್ಯಾರ್ಥಿಗಳೂ ಮುಖ್ಯ ತಂಡದಲ್ಲಿ ಆಡಲು ವಿಶೇಷ ಅನುಮತಿ ದೊರೆಯಿತು. ಫುಟ್‌ಬಾಲ್‌ನಲ್ಲಿ ಪಳಗದ, ಬೇರೆ ಆಟಗಳ ಕ್ರೀಡಾಪಟುಗಳೂ ಸೇರಿಕೊಂಡರು.

ಪಂದ್ಯಗಳು: ಮೊದಲ ಪಂದ್ಯದಲ್ಲಿ ಮೋರ್‌ಹೆಡ್ ಸ್ಟೇಟ್ ಎದುರು 29–6ರಿಂದ ಸೋತ ತಂಡ, ಸೆಪ್ಟೆಂಬರ್ 25ರಂದು ತವರಿನಲ್ಲಿ ಝೇವಿಯರ್ ತಂಡವನ್ನು 15–13ರಿಂದ ಸೋಲಿಸಿತು. ಕೊನೆಯ ಕ್ಷಣದಲ್ಲಿ ರೆಗ್ಗಿ ಆಲಿವರ್ ಎಸೆದ ಚೆಂಡನ್ನು ಹಿಡಿದು ಟೆರ್ರಿ ಗಾರ್ಡ್ನರ್ ಗೆಲುವಿನ ಅಂಕ ತಂದರು. ಮುಂದೆ ಬೌಲಿಂಗ್ ಗ್ರೀನ್ ವಿರುದ್ಧವೂ 12–10ರ ಜಯ ದೊರೆಯಿತು.

ಮಹತ್ವ: ಶೋಕದಲ್ಲಿದ್ದ ಊರಿಗೆ ಧೈರ್ಯ ತುಂಬಿದ ಈ ತಂಡದ ಸಾಧನೆಯನ್ನು ಅಂಕಪಟ್ಟಿಯಿಂದ ಅಳೆಯಲಾಗದು. 2006ರ ‘ವಿ ಆರ್ ಮಾರ್ಷಲ್’ ಚಲನಚಿತ್ರ ಈ ಕಥೆಯನ್ನು ಆಧರಿಸಿದೆ. ಸೋಲಿಗಿಂತ ಗೆಲುವೇ ಹೆಚ್ಚಿದ್ದ ಋತುವಿಗೆ ಮಾರ್ಷಲ್ 1984ರವರೆಗೆ ಕಾಯಬೇಕಾಯಿತು.